ಐದು ದಿನದ ಜ್ವರ

ನಾಲ್ಕು ಎಂಬ ಸಂಖ್ಯೆ ನನ್ನ ಬೆನ್ನು ಬಿಟ್ಟಿಲ್ಲ. ತಟ್ಟೆಗೆ ನಾಲ್ಕು ಇಡ್ಲಿ ಬಿದ್ದರೆ ಒಂದನ್ನು ತೆಗೆದು ಹೆಂಡತಿಯ ತಟ್ಟೆಗೆ ಹಾಕುತ್ತೇನೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಾಲ್ಕು ಮಕ್ಕಳು ಆಡುತ್ತಿದ್ದರೆ ಐದನೆಯದು ಬರುವವರೆಗೂ ಕಿಟಕಿ ಬಿಟ್ಟು ಸರಿಯಲಾರೆ. ಇದೆಂಥ ಹುಚ್ಚು ಎಂದು ಹೆಂಡತಿ ನಗುತ್ತಿದ್ದಳು. ಕಾರಣವನ್ನು ಒಂದು ವರ್ಷ ಅವಳಿಗೆ ಹೇಳಲಿಲ್ಲ.

ನಾನು ಬಾಗಲಕೋಟೆ ಕಡೆಯವನು, ಬಾಯ್ಲರ್ ರಿಪೇರಿ ಕೆಲಸದ ಸೂಪರ್‌ವೈಸರ್. ಅವಳು ವಿಜಯವಾಡದವಳು, ತಂದೆ ತೆಲುಗಿನವರು, ತಾಯಿ ಬಳ್ಳಾರಿಯವರು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಕೊನೆಗೆ ವಿಶಾಖಪಟ್ಟಣದಲ್ಲೇ ಒಂದು ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸುವುದೆಂದಾಯಿತು. ಎರಡು ಸಲ ದಿನ ಮುಂದೆ ಹೋಯಿತು, ಎರಡೂ ಸಲ ನನ್ನ ಕೆಲಸದ ದೆಸೆಯಿಂದ. ಇನ್ನೊಂದು ಸಲ ಮುಂದೂಡಿದರೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು.

ಮೂರನೇ ಸಲ ಗೊತ್ತಾದ ದಿನಕ್ಕೆ ಎರಡು ತಿಂಗಳು ಮುಂಚೆ ನಾನು ಕೊಂಡಪಲ್ಲಿಯ ಹತ್ತಿರ ಕೆಲಸದ ಮೇಲಿದ್ದೆ. ಅಲ್ಲಿ ಬಾಡಿಗೆ ರೂಮಿನಲ್ಲಿ ಐದು ದಿನ ಜ್ವರ. ಮೈ ಕೆಂಡವಾಗಿತ್ತು. ಫೋನಿನಲ್ಲಿ ಹೆಂಡತಿಗೆ ಧೂಳಿಗೆ ಗಂಟಲು ಕಟ್ಟಿದೆ ಎಂದೆ. ವೀರ್ಯ ತಯಾರಾಗುವುದಕ್ಕೆ ಎರಡೂವರೆ ತಿಂಗಳಾದರೂ ಬೇಕು, ಆ ನಡುವೆ ಜೋರು ಜ್ವರ ಬಂದರೆ ಅದರ ಗುಣ ಕೆಡಬಹುದು, ಮುಚ್ಚಿಡದೆ ಹೇಳಿ ಎಂದು ಡಾಕ್ಟರಮ್ಮ ಮೊದಲೇ ತಿಳಿಸಿದ್ದರು. ಅಂಡ ತೆಗೆಯುವ ದಿನವೂ ಜ್ವರಗಿರ ಬಂದಿತ್ತೇ ಎಂದು ಕೇಳಿದರು. ಪಕ್ಕದಲ್ಲಿ ಹೆಂಡತಿ ಹತ್ತು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಏನೂ ಇಲ್ಲ ಮೇಡಂ ಎಂದುಬಿಟ್ಟೆ.

ರಿಪೋರ್ಟಿನಲ್ಲಿ ವೀರ್ಯಾಣುಗಳ ಎಣಿಕೆ ಕಡಿಮೆ, ಓಟ ನಿಧಾನ ಎಂದು ಬಂತು. ಅದಕ್ಕೂ ದಾರಿಯಿತ್ತು: ಒಂದೊಂದು ಅಂಡದೊಳಗೆ ಒಂದೊಂದನ್ನೇ ಆರಿಸಿ ಸೂಜಿಯಿಂದ ಸೇರಿಸುತ್ತಾರಂತೆ. ಬದುಕಿದೆನಪ್ಪಾ ಅಂದುಕೊಂಡೆ. ಮೂರನೇ ದಿನ ಆಸ್ಪತ್ರೆಯಿಂದ ಫೋನ್ ಬಂತು, ನಾಲ್ಕು ಭ್ರೂಣ ಚೆನ್ನಾಗಿ ಬೆಳೆಯುತ್ತಿವೆ ಎಂದು. ಅವಳು ಶ್ಯಾವಿಗೆ ಪಾಯಸ ಮಾಡಿದಳು. ಐದನೇ ದಿನ ಮತ್ತೆ ಫೋನ್. ನಾಲ್ಕೂ ನಿಂತುಹೋಗಿದ್ದವು.

ಡಾಕ್ಟರಮ್ಮ ಕೂರಿಸಿಕೊಂಡು ವಿವರಿಸಿದರು. ಮೊದಲ ಎರಡು ಮೂರು ದಿನ ಭ್ರೂಣ ಅಂಡದ ಬಲದಲ್ಲೇ ಬೆಳೆಯುತ್ತದೆ; ಆಮೇಲೆ ತಂದೆಯಿಂದ ಬಂದದ್ದೂ ಕೆಲಸ ಶುರುಮಾಡಬೇಕು. ತೊಂದರೆ ಯಾರ ಕಡೆಯದೂ ಇರಬಹುದು, ಖಚಿತವಾಗಿ ಹೇಳಲಾಗುವುದಿಲ್ಲ, ಅವಳ ಮೂವತ್ತೆಂಟರ ವಯಸ್ಸೂ ಒಂದು ಕಾರಣ ಇದ್ದೀತು ಎಂದರು. ಹೆಂಡತಿ ಕೇಳಿಸಿಕೊಂಡದ್ದು ವಯಸ್ಸಿನ ಮಾತನ್ನು ಮಾತ್ರ. ನಾನು ಕೇಳಿಸಿಕೊಂಡದ್ದು ತಂದೆಯಿಂದ ಬಂದದ್ದರ ಮಾತನ್ನು.

ಅವತ್ತು ಸಂಜೆ ಬಟ್ಟೆ ಮಡಿಸುತ್ತಿದ್ದವಳು ತೆಲುಗಿನವರ ರೂಢಿಯಂತೆ ನನ್ನನ್ನು ಕರೆದು ಹೇಳಿದಳು.

“ಏವಂಡಿ, ತಪ್ಪು ನಂದೇ. ನನ್ನನ್ನ ಕ್ಷಮಿಸಿಬಿಡ್ರಿ.”

“ಇರ್ಲಿ ಬಿಡು” ಎಂದೆ ನಾನು. ಪುಣ್ಯಾತ್ಮ, ದೊಡ್ಡ ಮನಸ್ಸಿನವನ ಹಾಗೆ ಅವಳ ತಲೆಯನ್ನೂ ಸವರಿದೆ. ಅವಳು ನನ್ನ ಭುಜಕ್ಕೆ ಒರಗಿ ಅತ್ತಳು.

ಆಮೇಲಿನ ಒಂದು ವರ್ಷ ಅವಳು ಕಾಫಿ ಬಿಟ್ಟಳು, ಯಾರು ಏನು ಹೇಳಿದರೂ ತಿಂದಳು, ನುಂಗಿದಳು. ನಾನು ನೋಡುತ್ತಿದ್ದೆ. ಸ್ನಾನದ ಬಿಸಿನೀರು ಬೆನ್ನಿಗೆ ಬಿದ್ದರೆ ಕೊಂಡಪಲ್ಲಿಯ ರೂಮು ಕಣ್ಣೆದುರು ಬರುತ್ತಿತ್ತು, ಆ ಮಂಚ, ಆ ಗೋಡೆ. ಹೇಳಿಬಿಡಬೇಕೆಂದು ಎಷ್ಟು ಸಲ ಅವಳ ಹತ್ತಿರ ಹೋಗಿ ಕೂತಿದ್ದೇನೋ. ಚಹಾ ಬೇಕಾ ಎಂದು ಕೇಳಿ ಎದ್ದು ಬರುತ್ತಿದ್ದೆ.

ಅತ್ತೆಯ ಒತ್ತಾಯಕ್ಕೆ ಕಳೆದ ತಿಂಗಳು ವಿಜಯವಾಡದ ಬೇರೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಹಳೇ ಫೈಲು ತಿರುವಿಹಾಕಿ, ಬೇರೆ ಹೆಂಗಸಿನ ಅಂಡ ದಾನ ಪಡೆಯುವುದು ಒಂದು ದಾರಿ ಎಂದರು. ಅವರ ಮಾತು ಮುಗಿಯುವ ಮೊದಲೇ ಇವಳು ಆಗಲಿ ಎಂದು ತಲೆಯಾಡಿಸಿದಳು. ಒಪ್ಪಿಗೆಯ ಕಾಗದ ಬಂತು. ಪೆನ್ನು ತೆಗೆದುಕೊಂಡು ನನ್ನ ಕಡೆ ತಿರುಗಿ ನಕ್ಕಳು.

“ಮಗು ನಿಮ್ಮ ಹಾಗಾದ್ರೂ ಇರತ್ತಲ್ಲ.”

ಆ ನಗುವನ್ನು ನನ್ನ ಕೈಯಲ್ಲಿ ತಡೆದುಕೊಳ್ಳಲಾಗಲಿಲ್ಲ. ಅವಳ ಮಣಿಕಟ್ಟು ಹಿಡಿದುಕೊಂಡೆ.

“ಸಹಿ ಮಾಡಬ್ಯಾಡ. ಅವಾಗ ನನಗ ಜ್ವರ ಬಂದಿತ್ತು. ಐದು ದಿನ. ನಾ ಸುಳ್ಳು ಹೇಳೀನಿ.”

ಡಾಕ್ಟರಿಗೂ ಎಲ್ಲವನ್ನೂ ಹೇಳಿದೆ. ಅವರು ಕಾಗದ ಹಿಂದಕ್ಕೆ ತೆಗೆದುಕೊಂಡು, ಮೊದಲು ನನ್ನ ಪರೀಕ್ಷೆ ಆಗಲಿ, ಅವಳ ಅಂಡದಿಂದಲೇ ಇನ್ನೊಮ್ಮೆ ನೋಡಬಹುದೇನೋ ಎಂದರು. ಜ್ವರವೇ ಕಾರಣವೆಂದು ಈಗ ಯಾರೂ ಖಚಿತವಾಗಿ ಹೇಳಲಾರರು ಎಂದೂ ಅಂದರು. ನನಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವಳು ಆ ಕೊನೆಗೆ ಕೂತಳು. ಬಯ್ಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದೆ. ಅತ್ತೆಯ ಮನೆ ಬಂತು. ಇಳಿಯುವ ಮುಂಚೆ ಒಂದೇ ಮಾತು ಆಡಿದಳು.

“ಅವತ್ತು ನಾನು ಕ್ಷಮೆ ಕೇಳಿದೆ. ನೀವು ಕ್ಷಮಿಸಿದ್ರಿ.”

ಹೌದು, ಕ್ಷಮಿಸಿದ್ದೆ. ಅವಳು ಒಳಗೆ ಹೋದಳು. ನಾನು ಇಳಿಯುತ್ತೇನೋ ಇಲ್ಲವೋ ಎಂದು ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ.