ಕೇಳಿಸಬೇಕಾದಷ್ಟೇ ಸದ್ದು

ಚಳಿಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ, ಐದೂವರೆ ಗಂಟೆಗೆ, ಕಿವಿಯಕ್ಕ ಮೊದಲ ಸಲ ಹಾರ್ಡ್ ಡಿಸ್ಕ್ ಒಂದನ್ನು ಮಡಿಸಿದ ಟವೆಲ್ ಮೇಲಿಟ್ಟು ಕಿವಿಗೊಟ್ಟರು. ಅದಾಗಿ ಇಪ್ಪತ್ತೆರಡು ವರ್ಷ. ಇವತ್ತೂ ಅದೇ ಹೊತ್ತು, ಮೆಟ್ಟಿಲಡಿಯ ಅದೇ ಕೋಣೆ. ಫ್ಯಾನ್ ಆರಿಸಿದ್ದಾರೆ. ಗೋಡೆ ಗಡಿಯಾರವನ್ನು ಇಳಿಸಿ ಕಂಬಳಿಯಲ್ಲಿ ಸುತ್ತಿಟ್ಟಿದ್ದಾರೆ. ಬೀದಿಗೆ ಮೊದಲ ಬಸ್ಸು ಬರುವುದು ಆರೂಮುಕ್ಕಾಲಿಗೆ. ಅಷ್ಟರೊಳಗೆ ಏಳೆಂಟು ಡಿಸ್ಕ್ ಕೇಳಿ ಮುಗಿಸಬೇಕು. ಪಾಸಾಗುವುದು ಒಂದೋ ಎರಡೋ.

ಕಂಪ್ಯೂಟರ್ ರಿಪೇರಿ ಮಾಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಸದ್ದು ಮಾಡದ ಡಿಸ್ಕ್ ಆರಿಸಿಕೊಡುವವರು ಇವರೊಬ್ಬರೇ. ಒಂದೇ ಕೋಣೆಯಲ್ಲಿ ಕೂಸನ್ನು ಮಲಗಿಸಿ ಕೆಲಸ ಮಾಡುವ ತಾಯಿ, ಪಾಠ ರೆಕಾರ್ಡ್ ಮಾಡುವ ಮೇಡಂ, ಇಂಥವರು ಹುಡುಕಿಕೊಂಡು ಬರುತ್ತಾರೆ. ಟವೆಲ್ ಆದ ಮೇಲೆ ಡಿಸ್ಕನ್ನು ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಇಡುತ್ತಾರೆ. "ಟವೆಲ್ ಮೇಲೆ ಎಲ್ಲಾ ಸಾಧುಗಳೇ. ಪೆಟ್ಟಿಗೆ ಮೇಲಿಟ್ರೆ ಬಣ್ಣ ಬಯಲಾಗತ್ತೆ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಡಿಸ್ಕುಗಳಿಗೆ ಮೂರೇ ಜಾತಿ: ಉಸಿರಾಡೋದು, ಗೊಣಗೋದು, ಕೆರೆಯೋದು. ಡಬ್ಬಿಯ ಮೇಲಿನ ಬರಹವನ್ನು ಅವರು ನಂಬುವುದಿಲ್ಲ. "ನಿಶ್ಶಬ್ದ ಅಂತ ಅಚ್ಚು ಹಾಕ್ಸಿ ನನ್ನ ಕಿವಿಗೇ ಹೂ ಇಡೋಕೆ ಬರ್ತಾರೆ. ನಂದೇನು ಹಿತ್ತಾಳೆ ಕಿವೀನಾ?"

ಹದಿನೆಂಟಕ್ಕೆ ನೂಲಿನ ಗಿರಣಿ ಸೇರಿದವರು ಇವರು. ಜೊತೆಯವರು ಒಬ್ಬೊಬ್ಬರಾಗಿ ಕಿವುಡರಾದರು. ಇವರು ಹತ್ತಿ ತುರುಕಿಕೊಂಡು ಹನ್ನೊಂದು ವರ್ಷ ನಿಂತರು. ಹತ್ತಿ ನೂಲುವ ಕಡೆ ಹತ್ತಿಗೇನು ಬರ! "ಗಿರಣಿ ಮುಚ್ಚಿದ ದಿನ ಹತ್ತಿ ತೆಗೆದು ಬಿಸಾಕಿದೆ. ನಲ್ಲಿ ತೊಟ್ಟಿಕ್ಕೋದೂ ಹಾಡಿನ ಹಾಗೆ ಕೇಳ್ತು ನೋಡಿ." ಕಂಪ್ಯೂಟರ್ ಬಿಚ್ಚಿ ಜೋಡಿಸಲು ಕಲಿತದ್ದು ಆಮೇಲೆ.

ಇಂಥ ಕಿವಿಯೂ ಒಮ್ಮೆ ಎಡವಿತು. ಅದನ್ನು ಅವರೇ ಹೇಳಿಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಕರಡು ಮೇಷ್ಟ್ರು ಬಂದರು. ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕಸುಬುದಾರರ ಬಾಯಲ್ಲಿರುವ ಪದಗಳನ್ನೆಲ್ಲ ಕೂಡಿಸಿ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುತ್ತಿದ್ದರು. ಮನೆಯಲ್ಲಿ ಅವರು, ಅವರ ಅಕ್ಕ, ಇಬ್ಬರೇ. ಅಕ್ಕನಿಗೆ ಕಣ್ಣು ಪೂರ್ತಿ ಹೋಗಿತ್ತು. "ಈ ಪೆಟ್ಟಿಗೆ ಗೊಣಗಿ ಗೊಣಗಿ ಅಕ್ಕಂಗೆ ನಿದ್ದೆ ಇಲ್ಲಮ್ಮ" ಅಂದರು. ಕಿವಿಯಕ್ಕ ಇದ್ದುದರಲ್ಲೇ ಮೆತ್ತಗೆ ಉಸಿರಾಡುವ ಡಿಸ್ಕ್ ಆರಿಸಿ, ಸುತ್ತ ರಬ್ಬರ್ ಕೊಟ್ಟು ಕೂರಿಸಿದರು. "ಇನ್ನೂ ಆನ್ ಮಾಡಿಲ್ವಾ?" ಎಂದು ಮೇಷ್ಟ್ರು ಕೇಳಿದಾಗ ಹಿಗ್ಗಿ ಹೀರೇಕಾಯಿ ಆದರು.

ಒಂಬತ್ತನೇ ದಿನ ಆ ಅಕ್ಕನೇ ತಮ್ಮನ ತೋಳು ಹಿಡಿದು ಅಂಗಡಿಗೆ ಬಂದರು. ಕಿವಿಯಕ್ಕ ಅವರನ್ನು ದೊಡ್ಡಮ್ಮ ಅನ್ನುತ್ತಾರೆ.

"ನೀನೇನಾ ಕಿವಿಯಕ್ಕ? ನನ್ನ ತಮ್ಮನ್ನ ಎಲ್ಲಿ ಬಚ್ಚಿಟ್ಟೆಯೇ?"

"ಪಕ್ಕದಲ್ಲೇ ಇದೀನಲ್ಲ ಅಕ್ಕ."

"ನೀನು ಸುಮ್ನಿರೋ. ಮನೇಲಿ ಇದ್ದೂ ಇಲ್ಲದ ಹಾಗೆ ಕೂತಿರ್ತೀಯ."

ಕಣ್ಣಿಲ್ಲದವರಿಗೆ ಆ ಗೊಣಗಾಟವೇ ತಮ್ಮನ ಗುರುತಾಗಿತ್ತು. ನಿದ್ದೆ ಕೆಟ್ಟರೂ ಜೀವಕ್ಕೆ ಧೈರ್ಯವಿತ್ತು. ಈಗ ಗಳಿಗೆಗೊಮ್ಮೆ "ಇದೀಯೇನೋ?" ಎಂದು ಕೂಗಬೇಕು. "ಪದ ತುಟಿ ತನಕ ಬಂದಿರತ್ತೆ, ಇವಳು ಕೂಗ್ತಾಳೆ, ಪದ ಪರಾರಿ" ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು.

"ಮೇಷ್ಟ್ರ ಮಾತು ಕೇಳಿದೆ. ಮಂಚದ ಮೇಲಿದ್ದೋರನ್ನ ಕೇಳಲೇ ಇಲ್ಲ" ಅನ್ನುತ್ತಾರೆ ಕಿವಿಯಕ್ಕ.

ನಾಲ್ಕು ಬೆಳಿಗ್ಗೆ ಹುಡುಕಿದರು. ಡಿಸ್ಕ್ ತಿರುಗುವ ಸದ್ದು ಕಂಪ್ಯೂಟರ್ ಆನ್ ಆಗಿದೆ ಅಂತಷ್ಟೇ ಹೇಳುತ್ತದೆ. ಅದು ಕೆರೆಯುವುದು ಬರೆದದ್ದನ್ನು ಉಳಿಸುವಾಗ. ಹಾಗಾದರೆ ತಿರುಗುವಾಗ ಗೊಣಗಬಾರದು, ಬರೆದಾಗ ಮಾತ್ರ ಕೆರೆಯಬೇಕು. ಬೇಡವೆಂದು ಮೂಲೆಗೆ ಹಾಕಿದ್ದ ರಾಶಿಯಲ್ಲೇ ಅಂಥದ್ದೊಂದು ಸಿಕ್ಕಿತು. ಯಾರೂ ಮುಟ್ಟದಾಗ ಕಂಪ್ಯೂಟರ್ ತಾನಾಗಿಯೇ ನಡೆಸುವ ಕೆಲಸಗಳನ್ನೆಲ್ಲ ನಿಲ್ಲಿಸಿದರು. ಡಿಸ್ಕನ್ನು ಕೂರಿಸಿ, ದೊಡ್ಡಮ್ಮನ ಮಂಚದ ತುದಿಯಲ್ಲಿ ಕೂತರು. ಮೇಷ್ಟ್ರು ಒಂದು ಪದ ಬರೆದು ಉಳಿಸಿದರು. ಕಟ್ರ್... ಕಟ್ರ್.

"ಹ್ಞಾಂ, ಇದು ನನ್ನ ತಮ್ಮ" ಅಂದರು ದೊಡ್ಡಮ್ಮ.

ಅಂದಿನಿಂದ ಮೇಷ್ಟ್ರು ಪದಕ್ಕೊಂದು ಸಲ ಉಳಿಸುತ್ತಿದ್ದರು. ಕೇಳಿದರೆ, "ಅಕ್ಕನ ಹತ್ರ ಹಾಜರಿ ಹಾಕ್ತಿದೀನಿ" ಎಂದು ನಗುತ್ತಿದ್ದರು. ಕೂಗು ನಿಂತಿತು. ದೊಡ್ಡಮ್ಮನಿಗೆ ಮಧ್ಯಾಹ್ನ ಒಂದು ಜೊಂಪು ಹತ್ತತೊಡಗಿತು.

ಈ ಮಳೆಗಾಲದ ಕೊನೆಗೆ ಒಂದು ಬೆಳಿಗ್ಗೆ ಕೆರೆಯುವುದು ನಿಂತಿತು. ದೊಡ್ಡಮ್ಮ ಒಂದು ಪದದಷ್ಟು ಹೊತ್ತು ಕಾದರು, ಇನ್ನೊಂದು ಪದದಷ್ಟು ಕಾದರು. ಆಮೇಲೆ ಕೋಲಿನಿಂದ ಗೋಡೆ ಬಡಿದು ಪಕ್ಕದ ಮನೆಯವರನ್ನು ಕರೆದರು. ಮೇಷ್ಟ್ರು ಮೇಜಿನ ಮೇಲೆ ತಲೆಯಿಟ್ಟಿದ್ದರು, ಉಸಿರಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಅಕ್ಕನ ಕೈ ಹಿಡಿದೇ ಇದ್ದರಂತೆ, ಒಂದಿಷ್ಟು ಮಾತೂ ಆಡಿದರಂತೆ.

"ಮೇಷ್ಟ್ರ ಆ ಹಳೇ ಡಿಸ್ಕೇ ಇದ್ದಿದ್ರೆ ಸುಮ್ನೆ ಗೊಣಗ್ತಾನೇ ಇರ್ತಿತ್ತು, ಆ ಎರಡು ದಿನ ಸಿಕ್ತಿರಲಿಲ್ಲ" ಅನ್ನುತ್ತಾರೆ ಕಿವಿಯಕ್ಕ.

ಈಗ ಹೊಸದಾಗಿ ಬರುವ ಡಿಸ್ಕುಗಳಲ್ಲಿ ತಿರುಗುವಂಥದ್ದೇ ಏನಿಲ್ಲ. ಕೇಳುವುದಕ್ಕೂ ಏನಿಲ್ಲ. ವಾರಕ್ಕೆ ಹತ್ತು ಜನ ಬರುತ್ತಿದ್ದ ಕಡೆ ಮೂವರು ಬಂದರೆ ಹೆಚ್ಚು. ಅವರಿಗೇನೂ ದೊಡ್ಡ ಆಸೆಯಿಲ್ಲ. "ಯಾರಾದ್ರೂ ಬಂದು, ಮನೆಯವರಿಗೆ ಕೇಳಿಸೋ ಹಾಗೆ ಚೂರು ಸದ್ದಿರೋದು ಕೊಡು ಅನ್ಲಿ. ಇನ್ನೊಂದು ಸಲ. ಹುಡುಕಿಕೊಡ್ತೀನಿ."

ದೊಡ್ಡಮ್ಮ ಮನೆ ಬಿಡುವಾಗ, ಮೇಷ್ಟ್ರ ಕಂಪ್ಯೂಟರನ್ನು ಜೊತೆಗೆ ಕಳಿಸಲೇ ಎಂದು ಕಿವಿಯಕ್ಕ ಕೇಳಿದ್ದರಂತೆ. "ಬೇಡ ಕಣೇ. ಇನ್ಯಾರು ಕೆರೆಸಿದ್ರೂ ಅದು ಅವನಲ್ಲ" ಅಂದರಂತೆ. ಮೇಷ್ಟ್ರು ತೀರಿಹೋದದ್ದು ಗುರುವಾರ. ದೊಡ್ಡಮ್ಮ ತಂಗಿಯ ಮನೆಗೆ ಹೊರಟದ್ದು ಮರುವಾರ, ಸೋಮವಾರ.