ಭಾನುವಾರ ಸಂಜೆಯ ಲ್ಯಾಬ್

ಶಾರದಾ ಅವರೇ, ನಿಮ್ಮ ಪಿಎಚ್‌ಡಿ ಹಾಳು ಮಾಡಿದವನು ನಾನು. ನಿಮ್ಮ ಪ್ರೋಗ್ರಾಮಿನಲ್ಲಿ ಯಾವ ತಪ್ಪೂ ಇರಲಿಲ್ಲ.

ನಮ್ಮ ಕಡೆಯ ಕೆಲವು ಇಂಜಿನಿಯರಿಂಗ್ ಕಾಲೇಜುಗಳು ಲ್ಯಾಬ್ ಕಂಪ್ಯೂಟರುಗಳನ್ನು ಒಂದೇ ಜಾಲಕ್ಕೆ ಸೇರಿಸಿ ಹಂಚಿಕೊಂಡಿದ್ದ ಕಾಲ ಅದು. ಖಾಲಿ ಬಿದ್ದ ಕಂಪ್ಯೂಟರಿನ ಮೇಲೆ ಯಾವ ಕಾಲೇಜಿನವರ ಲೆಕ್ಕ ಬೇಕಾದರೂ ಓಡಬಹುದಿತ್ತು. ಆದರೆ ಆ ಕಾಲೇಜಿನವರು ಯಾರಾದರೂ ಬಂದು ಕೀಬೋರ್ಡ್ ಮುಟ್ಟಿದರೆ ಹೊರಗಿನವರ ಕೆಲಸ ತಕ್ಷಣ ಜಾಗ ಬಿಟ್ಟು, ಮತ್ತೆ ಮೊದಲಿಂದ ಶುರುವಾಗಬೇಕು. ನಾಗರಭಾವಿಯ ನಮ್ಮ ಕಾಲೇಜಿನಲ್ಲಿ ಆ ಸಾಫ್ಟ್‌ವೇರಿನ ಉಸ್ತುವಾರಿ ನನ್ನದು. ನೀವು ಕೆಂಗೇರಿಯ ಪುಟ್ಟ ಕಾಲೇಜಿನ ಮೇಡಂ. ಜೋರು ಮಳೆಗೆ ವೃಷಭಾವತಿ ನದಿ ಯಾವ ಬೀದಿಗೆ ನುಗ್ಗುತ್ತಾಳೆಂದು ಲೆಕ್ಕ ಹಾಕುವ ಹುಚ್ಚು ನಿಮಗೆ; ಪಿಎಚ್‌ಡಿಯೂ ಅದರ ಮೇಲೆಯೇ. ಅಷ್ಟು ದೊಡ್ಡ ಲೆಕ್ಕ ತಾಳುವ ಕಂಪ್ಯೂಟರುಗಳಿದ್ದದ್ದು ನಮ್ಮಲ್ಲಿ ಮಾತ್ರ.

ಯಾರ ಲೆಕ್ಕ ಯಾವಾಗ ಓಡಬೇಕೆಂದು ನಾನು ಮಾಡಿದ್ದ ಸರದಿಯ ಏರ್ಪಾಡಿನಲ್ಲಿ, ಎಲ್ಲ ಕಾಲೇಜುಗಳ ಸಭೆಯಲ್ಲಿ ನೀವೊಂದು ತಪ್ಪು ತೋರಿಸಿದಿರಿ. ಮೆತ್ತಗೇ ಹೇಳಿದಿರಿ. ನಮ್ಮ ಪ್ರಿನ್ಸಿಪಾಲರು ನಕ್ಕರು. ಅಷ್ಟೇ — ಅಷ್ಟಕ್ಕೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಶನಿವಾರ ಮಧ್ಯಾಹ್ನ ನಿಮ್ಮ ಲೆಕ್ಕ ಶುರುವಾದರೆ ಸೋಮವಾರ ಬೆಳಿಗ್ಗೆ, ನಮ್ಮ ಹುಡುಗರು ಲ್ಯಾಬಿಗೆ ಬರುವ ಮೊದಲು, ಮುಗಿಯಬೇಕಿತ್ತು. ಭಾನುವಾರ ಸಂಜೆ ತರಕಾರಿ ತರುತ್ತೇನೆಂದು ಹೆಂಡತಿಗೆ ಹೇಳಿ ಸ್ಕೂಟರ್ ಹತ್ತುತ್ತಿದ್ದೆ. ಲ್ಯಾಬಿನ ಬೀಗ ತೆಗೆದು, ನಿಮ್ಮ ಕೆಲಸ ಓಡುತ್ತಿದ್ದ ಕಂಪ್ಯೂಟರುಗಳ ಕೀಬೋರ್ಡನ್ನು ಒಂದೊಂದು ಸಲ ಒತ್ತುತ್ತಿದ್ದೆ. ಆಮೇಲೆ ಬೀಗ ಹಾಕಿ ಬೀನ್ಸು, ಸೊಪ್ಪು ಕೊಂಡು ಮನೆಗೆ ಹೋಗುತ್ತಿದ್ದೆ. ಎಷ್ಟು ಹಾಯೆನಿಸುತ್ತಿತ್ತು ಎಂದರೆ — ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು — ಆ ಸಂಜೆಗಾಗಿ ವಾರವೆಲ್ಲ ಕಾಯುತ್ತಿದ್ದೆ.

ಸೋಮವಾರ ನಿಮ್ಮ ಫೋನ್ ಬರುತ್ತಿತ್ತು.

"ಸಾರ್, ಮತ್ತೆ ಅರ್ಧಕ್ಕೇ ನಿಂತಿದೆ. ಯಾರಾದ್ರೂ ಲ್ಯಾಬಿಗೆ ಬಂದಿದ್ರಾ?"

"ಭಾನುವಾರ ಯಾರ್ ಬರ್ತಾರೆ ಮೇಡಂ? ನಿಮ್ಮ ಪ್ರೋಗ್ರಾಮಲ್ಲೇ ಏನೋ ಎಡವಟ್ಟಾಗಿದೆ. ಸರಿಯಾಗಿ ನೋಡ್ಕೊಳಿ."

ನೋಡಿಕೊಂಡಿರಿ. ಸರಿಯಿದ್ದುದನ್ನೇ ಸಾಲುಸಾಲಾಗಿ ಅಗೆದಿರಿ. ಆಗಿದ್ದಷ್ಟು ಲೆಕ್ಕವನ್ನು ನಡುನಡುವೆ ಉಳಿಸಿಕೊಳ್ಳುವ ಅನುಕೂಲ ಆ ಸಾಫ್ಟ್‌ವೇರಿನಲ್ಲೇ ಇತ್ತು. ನೀವು ಕೇಳಿದಾಗ ಇಲ್ಲವೆಂದೆ. ನಿಮ್ಮ ಗಡುವು ಮುಗಿಯಿತು, ಗೈಡ್ ಕೈ ತೊಳೆದುಕೊಂಡರು. ಎಲ್ಲ ಬಿಟ್ಟು ಹೊರಟ ದಿನ ನೀವು ನನಗೇ ಥ್ಯಾಂಕ್ಸ್ ಹೇಳಲು ಬಂದಿರಿ.

"ನೀವು ಎಷ್ಟು ಸಹಾಯ ಮಾಡಿದ್ರಿ ಸಾರ್. ನನ್ನ ತಲೆಗೇ ಹತ್ತಲಿಲ್ಲ."

"ಎಲ್ಲರಿಗೂ ಎಲ್ಲಾ ಬರಲ್ಲ ಬಿಡಿ ಮೇಡಂ," ಎಂದೆ.

ನೀವು ಹೋದ ಮೇಲೆ ಬಂದ ಶನಿವಾರ ನಿಮ್ಮ ಪ್ರೋಗ್ರಾಮನ್ನು ನಾನೇ ಓಡಿಸಿದೆ, ಭಾನುವಾರ ಮನೆಯಲ್ಲೇ ಉಳಿದೆ. ಸೋಮವಾರ ನಕ್ಷೆ ಪೂರ್ತಿ ಸಿದ್ಧವಾಗಿತ್ತು — ಬೀದಿ ಬೀದಿಗೂ ನೀರಿನ ಲೆಕ್ಕ. ಸ್ವಲ್ಪ ಹೊತ್ತು ನೋಡಿ, ಅಳಿಸಿಹಾಕಿದೆ.

ಇಷ್ಟು ವರ್ಷಗಳಾದ ಮೇಲೆ ಮೊನ್ನೆ ಕುರುಬರಹಳ್ಳಿಯ ಬೇಕರಿಯ ಮುಂದೆ ನೀವು ಮಗಳೊಂದಿಗೆ ಸಿಕ್ಕಿದಿರಿ. ನನ್ನನ್ನು ಕಂಡು ನಿಮಗೆ ನಿಜಕ್ಕೂ ಖುಷಿಯಾಯಿತು. "ಕಂಪ್ಯೂಟರ್ ಸೈನ್ಸೇ ಬೇಕು ಅಂತ ಹಠ ಸಾರ್ ಇವಳದು. ನನ್ನ ಮಗಳಲ್ವಾ, ಆ ತಲೆ ಎಲ್ಲಿಂದ ಬರ್ಬೇಕು? ನೀವೇ ಬುದ್ಧಿ ಹೇಳಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸತ್ಯ ಹೇಳಲು ಒಂದು ಉಸಿರು ಸಾಕಿತ್ತು.

"ಅಮ್ಮ ಹೇಳಿದಂಗೆ ಕೇಳಮ್ಮ," ಎಂದುಬಿಟ್ಟೆ.

ಅವಳ ಮುಖ ಬಾಡಿತು. ನೀವು ಸಮಾಧಾನದಿಂದ ತಲೆಯಾಡಿಸಿದಿರಿ. ಅಂದು ಮಾಡಿದ್ದಕ್ಕೆ ಹೊಟ್ಟೆಕಿಚ್ಚು ಎನ್ನಬಹುದು, ಮೊನ್ನೆ ಮಾಡಿದ್ದಕ್ಕೆ ಏನೆನ್ನಲಿ? ಆ ಮಗು ನನಗೇನು ಮಾಡಿತ್ತು —

ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಮಗಳು ಮನೆಯಲ್ಲಿರುವ ಹೊತ್ತು ನೋಡಿಕೊಂಡು ಬರುತ್ತೇನೆ. ನೀವು ಬಾಗಿಲು ಹಾಕಿದರೆ ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತೇನೆ: "ನಿಮ್ಮಮ್ಮಂಗೆ ಎಲ್ಲಾ ಬರ್ತಿತ್ತು ಕಣಮ್ಮ. ನಾನು ಬಿಡ್ಲಿಲ್ಲ."