ಕಿಟಕಿಯಲ್ಲಿ ನಿಂತ ಪತ್ತೇದಾರ

ಸೋಮವಾರ ಸಂಜೆಯಾದರೆ ನಮ್ಮಣ್ಣ ಮರೆಪ್ಪನ ಹಣೆಯ ಮೇಲೆ ಎರಡು ಕೆಂಪು ಗೆರೆ ಮೂಡುತ್ತಿದ್ದವು. ಗೌಡರ ಮನೆಯ ಕಿಟಕಿಯ ಸರಳಿಗೆ ಹಣೆಯೊತ್ತಿ ಟೀವಿ ನೋಡಿದ ಗುರುತು ಅದು, ತುಕ್ಕಿನ ಬಣ್ಣ. ನಮ್ಮವರು ಆ ಮನೆಯೊಳಗೆ ಹೋಗುವ ರೂಢಿ ಇರಲಿಲ್ಲ. ಅಂಗಳದಲ್ಲಿ ಕೂತರೆ ಬಾಗಿಲಿನಿಂದ ಅರ್ಧ ಟೀವಿ ಮಾತ್ರ ಕಾಣುತ್ತಿತ್ತು. ಅರ್ಧ ನೋಡಿದರೆ ಅರ್ಧ ಸಾಕ್ಷಿ ತಪ್ಪಿಹೋಗುತ್ತದೆಂದು ಅವನು ಕಿಟಕಿ ಹಿಡಿದಿದ್ದ.

ಅವನು ನೋಡುತ್ತಿದ್ದುದು ಒಂದೇ ಧಾರಾವಾಹಿ, ಹಿಂದಿಯದು. ಅದರಲ್ಲೊಬ್ಬ ಪತ್ತೇದಾರ. ಸಣಕಲು ಮನುಷ್ಯ. ಯಾರಿಗೂ ಹೊಡೆಯುತ್ತಿರಲಿಲ್ಲ. ಬಡೇಸೋಪು ಜಗಿಯುತ್ತ ಕೂತು, ಎದುರಿಗಿದ್ದವರನ್ನು ಮಾತಾಡಲು ಬಿಡುತ್ತಿದ್ದ. ಅಣ್ಣ ಅವನನ್ನು ನಮ್ಮ ಸಾಹೇಬ ಎಂದೇ ಕರೆಯುತ್ತಿದ್ದ.

"ಉಳದ ಪೊಲೀಸ್ರು ಸಿಟ್ಟು ಯಾರಿಗಿತ್ತು ಅಂತ ಹುಡುಕ್ತಾರ. ನಮ್ಮ ಸಾಹೇಬ ಹಂಗಲ್ಲ ತಂಗಿ. ಇದರಾಗ ಸುಖ ಯಾರಿಗಾತು, ಅದನ್ನ ನೋಡ್ತಾನ."

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು, ನನಗೆ ಹಿಂದಿ ತಿಳಿಯುತ್ತಿರಲಿಲ್ಲ. ಮರುದಿನ ಕಳೆ ಕೀಳುವಾಗ ಅಣ್ಣನೇ ಎಲ್ಲ ಪಾತ್ರವಾಗಿ ಕತೆ ಹೇಳುತ್ತಿದ್ದ. ಹೆಣವೂ ಅವನೇ ಆಗುತ್ತಿದ್ದ. ಟೀವಿ ನೋಡುವಾಗ ಅಂಗಳದ ಮಂದಿ ಕಂತಿನ ನಡುವೆಯೇ "ಯಾರಲೇ ಮರೆಪ್ಪ?" ಎಂದು ಕೇಳುತ್ತಿದ್ದರು. ಅವನು ಹೇಳಿದವನೇ ಕಡೆಗೆ ಸಿಕ್ಕಿಬೀಳುತ್ತಿದ್ದ.

ಒಮ್ಮೆ ಪಕ್ಕದ ದೇವಕ್ಕನ ಕೋಳಿ ಕಳೆಯಿತು. ಅವಳು ಎರಡು ದಿನ ಓಣಿಗೆಲ್ಲ ಶಾಪ ಹಾಕಿದಳು. ಅಣ್ಣ ಅವಳ ಕಟ್ಟೆಯ ಮೇಲೆ ಹೋಗಿ ಕೂತ.

"ಅತ್ತಿ, ನಿನ್ನ ಗಂಡ ಎರಡು ದಿನದಿಂದ ಉಪ್ಪಿಲ್ಲ, ಖಾರಿಲ್ಲ ಅಂತ ಜಗಳಾ ತೆಗದಾನೇನು?"

"ಇಲ್ಲಪ್ಪ. ಭಾಳ ಶಾಣ್ಯಾ ಆಗ್ಯಾನ."

"ಹಂಗಾದ್ರ ಹುಡುಕಬ್ಯಾಡ. ಕೋಳಿ ಅವನ ಹೊಟ್ಟ್ಯಾಗ ಅದ."

ಗಂಡ ಒಳಗಿನಿಂದಲೇ, "ಆ ಟೀವಿ ಒಡೀಬೇಕು ಮೊದಲ," ಎಂದ. ದೇವಕ್ಕ ಒನಕೆ ಹಿಡಿದು ಒಳಗೆ ನಡೆದಳು.

ಅಣ್ಣನ ಕೆಲಸ ಕಾಲುವೆಯ ಗೇಟು ಕಾಯುವುದು. ಪಾಳಿಯ ಪ್ರಕಾರ ಗೇಟು ಎತ್ತಿ, ಇಳಿಸಿ, ಕೀಲಿ ಹಾಕಬೇಕು. ಮೇಲಿನ ಹೊಲದವರು ಪಾಳಿ ಮೀರಿ ನೀರು ತಿರುಗಿಸಿಕೊಂಡರೆ ಕಾಲುವೆಯ ಕೊನೆಯ ಹೊಲಗಳಿಗೆ ಬರಿ ಹಸಿ ಮಣ್ಣು. ಅವನು ಕೀಲಿಕೈಯನ್ನು ಯಾರ ಕೈಗೂ ಕೊಟ್ಟವನಲ್ಲ.

ಒಂದು ಬೇಸಿಗೆ, ಗೌಡಸಾನಿ ನನ್ನನ್ನು ಹಿತ್ತಲಿಗೆ ಕರೆದಳು. "ನಮ್ಮ ನೆಲ್ಲಿನ ಸಸಿ ಕೆಂಪಗಾಗ್ಯಾವ. ಒಂದು ತಾಸು ಕೀಲಿಕೈ ತಂದುಕೊಡು. ನಿಮ್ಮಣ್ಣ ಎಷ್ಟು ವರ್ಷ ಕಿಟಕ್ಯಾಗ ನಿಂದರ್ತಾನ? ಒಳಗ ಚಾಪಿ ಮ್ಯಾಗ ಕುಂದರಿಸ್ತೀನಿ."

ಆಸೆಗೆ ಬಿದ್ದೆ. ಅಣ್ಣ ಉಂಡು ಮಲಗಿದ್ದಾಗ, ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ಕೀಲಿಕೈ ತೆಗೆದೆ. ಗೌಡರ ಆಳು ಅವರ ಹೊಲದ ಕಡೆಯ ಗೇಟನ್ನು ಪೂರ್ತಿ ಎತ್ತಿದ. ಇಳಿಸಲು ಹೋದಾಗ ಅದು ಸಿಕ್ಕಿಕೊಂಡಿತು. ಆಳು ಕೀಲಿಕೈಯನ್ನು ನನ್ನ ಕೈಗೆ ತುರುಕಿ ಹೋದ. ಅಣ್ಣ ಏಳುವ ಮೊದಲೇ ಜೇಬಿಗೆ ಹಾಕಿದೆ. ಕಾಲುವೆಯ ಕೊನೆಯವರಿಗೆ ಆ ಪಾಳಿಯ ನೀರು ಮುಟ್ಟಲಿಲ್ಲ. ಹೂವು ಹಿಡಿದಿದ್ದ ಶೇಂಗಾ ಹೊಲದಲ್ಲೇ ಬಾಡಿತು.

ಕೀಲಿ ಮುರಿದಿರಲಿಲ್ಲ. ಅಣ್ಣ ಎರಡು ದಿನ ಗೇಟಿನ ಸುತ್ತ ಕೂತೆದ್ದು ಮಣ್ಣು ನೋಡಿದ. ಸೋಮವಾರ ಬಂತು. ಗೌಡಸಾನಿ ಬಾಗಿಲಲ್ಲಿ ನಿಂತು, "ಮರೆಪ್ಪ, ಒಳಗ ಬಾ," ಎಂದಳು. ಅಣ್ಣ ಚಾಪೆಯ ಅಂಚಿನಲ್ಲಿ ಕೂತ. ಎದುರಿಗೇ ಟೀವಿ. ಅವನು ಅದನ್ನು ನೋಡಲೇ ಇಲ್ಲ. ತಿರುಗಿ, ಅಂಗಳದಲ್ಲಿದ್ದ ನನ್ನನ್ನು ಬಹಳ ಹೊತ್ತು ನೋಡಿದ. ನಾನು ತಲೆ ತಗ್ಗಿಸಿದೆ.

ಮರುದಿನ ಕಾಲುವೆಯ ಮೇಲೆ ನೀರಾವರಿ ಇಲಾಖೆಯ ಸಾಹೇಬರು ಬಂದರು, ಕೊನೆಯ ಹೊಲದವರೆಲ್ಲ ಸೇರಿದರು. ನಾನು ಹುಲ್ಲಿನ ಹೊರೆ ಹೊತ್ತು ಹತ್ತು ಹೆಜ್ಜೆ ದೂರ ನಿಂತಿದ್ದೆ.

"ಕೋಳಿ ಕಳ್ಳನ್ನ ಹಿಡದಾಂವ ನೀನು. ಈಗ ಹೇಳು, ನೀರು ಕದ್ದಾಂವ ಯಾರು?" ಎಂದು ಒಬ್ಬ ಕೇಳಿದ.

"ನಾನೇ ಎತ್ತೀನ್ರಿ," ಎಂದ ಅಣ್ಣ.

"ಯಾಕ?"

"ಟೀವಿ ನೋಡಾಕ ಒಳಗ ಕುಂದರಿಸ್ತೀವಿ ಅಂದಿದ್ರು ಗೌಡರ ಮನ್ಯಾಗ."

ಕೆಲವರು ನಕ್ಕರು. ಗೌಡರನ್ನು ಯಾರೂ ಏನೂ ಕೇಳಲಿಲ್ಲ. ಅಣ್ಣ ಹೇಳಿದ್ದು ನಿಜವೇ, ಹೆಸರೊಂದು ಬಿಟ್ಟು. ಅವನಿಗೆ ಎಲ್ಲವೂ ತಿಳಿದಿದೆ ಎಂದು ನನಗೆ ತಿಳಿಯಿತು. ಹೊರೆ ಹೊತ್ತು ಮನೆಗೆ ಬಂದೆ.

ಕೆಲಸ ಹೋಯಿತು. ಟೀವಿಗೆ ಕಾಲುವೆ ಮಾರಿದವ ಎಂಬ ಹೆಸರು ಉಳಿಯಿತು. ಆ ಹೆಸರು ಕೇಳಲಾರದೆ ಅವನು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ. ನನ್ನನ್ನು ಹುಣಸಗಿಗೆ ಕೊಟ್ಟರು.

ಕಡೆಯ ಸಲ ಅವನು ನನ್ನ ಮನೆಗೆ ಬಂದಾಗ, ನಮ್ಮಲ್ಲೂ ಟೀವಿ ಇತ್ತು. ಆ ಪತ್ತೇದಾರನ ಹಳೆಯ ಕಂತುಗಳನ್ನು ಮತ್ತೆ ಹಾಕುತ್ತಿದ್ದರು. ಅಣ್ಣ ಚಹಾದ ಲೋಟ ಹಿಡಿದು ಮಂಚದ ಮೇಲೆ ಕೂತ.

"ಯಾರು ಮಾಡ್ಯಾರಣ್ಣ?"

"ಯಾರಿಗ್ಗೊತ್ತವ್ವ."

"ನಿನಗ ಗೊತ್ತಿರ್ತದ."

ಅವನು ಟೀವಿಯನ್ನೇ ನೋಡುತ್ತಿದ್ದ. ನಾನು ಎದೆ ಗಟ್ಟಿ ಮಾಡಿಕೊಂಡು, "ಅಣ್ಣ, ಅವತ್ತು ನಾನು..." ಎಂದೆ.

"ಚಾಕ್ಕ ಸಕ್ಕರಿ ಕಮ್ಮಿ ಆಗ್ಯಾದ ನೋಡು," ಎಂದ.

ಸಕ್ಕರೆ ಡಬ್ಬಿ ಹಿಡಿದು ಹೊರಬರುವಷ್ಟರಲ್ಲಿ ಅವನು ಚಹಾ ಕುಡಿದು ಮುಗಿಸಿ ಚಪ್ಪಲಿ ಮೆಟ್ಟಿದ್ದ. ಸುರಪುರದ ಬಸ್ಸಿಗೆ ಹೊತ್ತಾಯಿತೆಂದ. ನಾನೂ ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಹೇಳುವುದು ತಪ್ಪಿತೆಂದು ಒಳಗೊಳಗೆ ಹಗುರವಾಗಿತ್ತು.

ಅದೇ ವರ್ಷ ಪುಣೆಯಲ್ಲಿ, ಕಟ್ಟುತ್ತಿದ್ದ ಮನೆಯ ಮೂರನೆಯ ಅಂತಸ್ತಿನಿಂದ ಬಿದ್ದ. ಮಣ್ಣು ಮಾಡಲು ಊರಿಗೆ ತಂದರು. ಕೊನೆಯ ಹೊಲದ ಮುದುಕನೊಬ್ಬ, ಶೇಂಗಾ ಕಳೆದುಕೊಂಡವನು, ಕೋಲೂರಿಕೊಂಡು ಬಂದ. ಮಣ್ಣು ಹಾಕಿ, ಕೈ ಜಾಡಿಸಿಕೊಂಡು, ನನ್ನ ಪಕ್ಕ ನಿಂತ.

"ಛಲೋ ಮನಿಷ್ಯಾ ಇದ್ದ ನಿಮ್ಮಣ್ಣ," ಎಂದ. "ಹುಟ್ಟಿದಾಗಿಂದ ಒಂದೇ ತಪ್ಪು ಮಾಡಿದ."

ನಾನು ಹೂಂ ಅಂದೆ.